ಕೆಂಪು ನೀರಿನ ರಾತ್ರಿ

"ಇನ್ನೊಂದು ಹಿಡಿ ರವದಿ ಹಾಕು, ಹೇಳ್ತೀನಿ" ಅಂದನೆಂದರೆ ತಾತ ಹೊಳೆಯ ಕಥೆಗೆ ಇಳಿದ ಎಂದೇ ಲೆಕ್ಕ. ಪುಷ್ಯಮಾಸದ ಚಳಿ. ಕಬ್ಬು ಕಡಿದ ಗದ್ದೆಯಿಂದ ಹೊತ್ತು ತಂದ ಒಣ ರವದಿ ಭಗ್ಗನೆ ಹತ್ತಿಕೊಂಡು ಅಷ್ಟೇ ಬೇಗ ಆರುತ್ತಿತ್ತು. ಅದಕ್ಕೇ ಬೆಂಕಿ ನೋಡಿಕೊಳ್ಳುವ ಕೆಲಸ ಮಕ್ಕಳಾದ ನಮ್ಮದು, ಕಥೆ ತಾತನದು. ಅವನು ತಳವಾರಘಟ್ಟದಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗ. ಅವನ ಅಪ್ಪನೂ ಅದೇ, ಅವನ ಅಪ್ಪನೂ ಅದೇ. ನಮ್ಮ ಅಪ್ಪನ ಕಾಲಕ್ಕೆ ಅರ್ಧ ಮಾತ್ರ ಉಳಿದಿತ್ತು. ನನ್ನ ಕಾಲಕ್ಕೆ ಆ ಕೆಲಸವೇ ಇಲ್ಲ.

ತಳವಾರಘಟ್ಟ ಅಂದರೆ ಹಂಪಿಯ ವಿಠ್ಠಲ ದೇವಸ್ಥಾನದಿಂದ ಸ್ವಲ್ಪ ಕೆಳಕ್ಕೆ, ತುಂಗಭದ್ರೆಯ ಈಚೆ ದಂಡೆ. ಎದುರಿಗೆ ಆನೆಗುಂದಿ. ಇವತ್ತು ಈ ದಂಡೆ ವಿಜಯನಗರ ಜಿಲ್ಲೆ, ಆ ದಂಡೆ ಕೊಪ್ಪಳ ಜಿಲ್ಲೆ, ಅಷ್ಟೇ ವ್ಯತ್ಯಾಸ. ತಾತನ ಹರೆಯದಲ್ಲಿ ಅವು ಎರಡು ಬೇರೆ ಸರಕಾರದ ನೆಲ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ನಮ್ಮ ಹೊಳೆಯೇ ಗಡಿಯಾಗಿ ಕೂತಿತ್ತು. ಈಚೆಗೆ ಕುಂಪಣಿ, ಆಮೇಲೆ ಮದರಾಸು ಸರಕಾರ, ಆಚೆಗೆ ಮೊಗಲಾಯಿ, ಅಂದರೆ ನಿಜಾಮನ ರಾಜ್ಯ. ಆಚೆ ದಂಡೆಯ ರೂಪಾಯಿ ಬೇರೆ, ಹಾಲಿ ಸಿಕ್ಕಾ. ಏಳು ಹಾಲಿ ಕೊಟ್ಟರೆ ಹೆಚ್ಚುಕಡಿಮೆ ಈಚೆಯ ಆರು ಕಲ್ದಾರ್ ರೂಪಾಯಿ. ಆಚೆ ಇಳಿದ ಕೂಡಲೇ ಗಂಟು ಬಿಚ್ಚಿಸಿ ಸುಂಕ ಕೇಳುವವರು ಕರೋಡಗಿರಿಯ ಮಂದಿ. ಹುಲಿಗೆಮ್ಮನ ಭಕ್ತರು, ನವಬೃಂದಾವನಕ್ಕೆ ಹೊರಟ ಆಚಾರ್ಯರು, ಕಮಲಾಪುರದ ಸಂತೆಗೆ ಬೆಲ್ಲ ಹೊತ್ತವರು, ಬೀಗರ ಮನೆಗೆ ಹೊರಟ ಮುದುಕಿಯರು, ಎಲ್ಲರೂ ಒಂದೇ ಬುಟ್ಟಿಯಲ್ಲಿ ಕೂತು ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ದಿನಕ್ಕೆ ಹತ್ತಾರು ಸಲ ಗಡಿ ದಾಟುತ್ತಿದ್ದವನು ಮಾತ್ರ ಅಂಬಿಗ.

ಹರಿಗೋಲನ್ನು ಈಗ ಹಂಪಿಗೆ ಬಂದವರೆಲ್ಲ ನೋಡಿರುತ್ತೀರಿ. ಅದು ತಾತನ ಹರಿಗೋಲಲ್ಲ. ಈಗಿನದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದಿರುತ್ತಾರೆ. ಅವನದಕ್ಕೆ ಎಮ್ಮೆ ಚರ್ಮ. ಬಿದಿರನ್ನು ಸೀಳಿ, ನೀರಲ್ಲಿ ನೆನೆಹಾಕಿ, ಅಂಗಳದಲ್ಲಿ ನಡುವಿನಿಂದ ಹೊರಕ್ಕೆ ಹೆಣೆಯುತ್ತ ಹೋಗುವುದು. ಅಂಚಿಗೆ ಬಂದಾಗ ಇಬ್ಬರು ಎದುರುಬದುರು ಕೂತು ಬಗ್ಗಿಸಿ ಕಟ್ಟುವುದು. ಆಮೇಲೆ ಹಸಿ ಚರ್ಮಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದು ಹೊರಗಿನಿಂದ ಬಿಗಿಯುವುದು. ಒಣಗುತ್ತ ಒಣಗುತ್ತ ಚರ್ಮ ಬಿದಿರನ್ನು ಅಪ್ಪಿಕೊಂಡು ನಿಲ್ಲುತ್ತಿತ್ತು. ಆದರೆ ಚರ್ಮ ನೀರು ಕುಡಿಯುತ್ತದೆ. ನಾಲ್ಕಾರು ಸಲ ದಾಟಿದ ಮೇಲೆ ಹರಿಗೋಲು ಭಾರವಾಗಿ, ಮೆತ್ತಗಾಗಿ, ಮಾತು ಕೇಳುವುದಿಲ್ಲ. ಆಗ ಅದನ್ನು ದಂಡೆಗೆಳೆದು ಬೋರಲು ಹಾಕಿ ಬಿಸಿಲು ಕಾಣಿಸಬೇಕು. ಅಷ್ಟು ಹೊತ್ತು ಜನ ಕಾಯಬೇಕು, ಕಾಯುತ್ತಿದ್ದರು. ಘಟ್ಟದ ಹುಣಸೆಮರದ ಕೆಳಗೆ ಕಾಯುತ್ತ ಕೂತಲ್ಲೇ ಎಷ್ಟೋ ಮದುವೆಗಳ ಮಾತುಕತೆ ಆಗಿದ್ದವು ಎಂದು ನಮ್ಮ ಅವ್ವ ಹೇಳುತ್ತಿದ್ದಳು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದೇ ಆನೆಗುಂದಿಯ ಹೊಳೆಯಲ್ಲಿ ಇದೇ ಹರಿಗೋಲು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ದನಕರು ಹೆಚ್ಚಾಗಿ ಈಜಿಕೊಂಡೇ ದಾಟುತ್ತವೆ ಎನ್ನುತ್ತಾನೆ. ಹುಟ್ಟು ಹಾಕುವಾಗ ದೋಣಿ ಸದಾ ಸುತ್ತುತ್ತಲೇ ಇರುತ್ತದೆ ಎಂಬುದನ್ನೂ ಗಮನಿಸಿದ್ದಾನೆ. ಕಾಲೇಜಿನಲ್ಲಿ ಇದನ್ನು ಓದಿ ಬಂದು ತಾತನಿಗೆ ಹೇಳಿದೆ. ಆವತ್ತು ಅವನಿಗಾದ ಸಂತೋಷವನ್ನು ನಾನು ಮರೆಯಲಾರೆ. ಕೃಷ್ಣದೇವರಾಯನ ಕಾಲದವನೊಬ್ಬ ತನ್ನ ಕೆಲಸವನ್ನು ನಿಂತು ನೋಡಿದ್ದಾನಲ್ಲ! ಸುತ್ತುವ ವಿಷಯಕ್ಕೆ ಮಾತ್ರ ಅವನ ತಕರಾರಿತ್ತು. "ಸುತ್ತೋದು ಅದರ ಗುಣ. ಸುತ್ತದಂಗೆ ನೋಡಿಕೊಳ್ಳೋದು ನಮ್ಮ ಕೆಲಸ. ಆ ಪುಣ್ಯಾತ್ಮ ಹೊಸಬನ ಹರಿಗೋಲು ಹತ್ಯಾನ" ಅಂದ. ಈಗ ಪ್ರವಾಸಿಗಳಿಗೆ ಬೇಕೆಂದೇ ಗಿರಗಿರ ಸುತ್ತಿಸಿ ತೋರಿಸುತ್ತಾರೆ. ಅದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹುಟ್ಟು ಹಾಕುವುದು ಯಾರಿಗಾದರೂ ಒಂದು ವರ್ಷದಲ್ಲಿ ಬಂದೀತು. ಅಂಬಿಗನ ನಿಜವಾದ ಕೆಲಸ ಹೊಳೆ ಓದುವುದು, ಓದಿ "ಇವತ್ತು ಆಗಲ್ಲ" ಅನ್ನುವುದು. ಅಮಲ್ದಾರನೇ ಬಂದು ನಿಂತಿರಲಿ, ಹೆಣ ಹೊತ್ತು ತಂದಿರಲಿ, ಆಗಲ್ಲ ಅಂದರೆ ಆಗಲ್ಲ. ವಿಠ್ಠಲ ದೇವಸ್ಥಾನದ ಹಿಂದೆ ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲುಕಂಬಗಳಿವೆ, ವಿಜಯನಗರದವರು ಕಟ್ಟಿದ್ದ ಸೇತುವೆಯ ಉಳಿಕೆ. ತಾತನ ಅಳತೆಗೋಲು ಅದೇ. ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೆ ಹೋಗಿ, ಯಾವ ಕಂಬ ಎಷ್ಟು ಮುಳುಗಿದೆ ನೋಡಿ ಬರುತ್ತಿದ್ದ. ಮಲೆನಾಡಿನಲ್ಲಿ ಮಳೆ ಹಿಡಿದರೆ ನಮಗೆ ಮೋಡವೇ ಇಲ್ಲದ ದಿನವೂ ಹೊಳೆ ಏರುತ್ತದೆ. ಮೊದಲು ನೀರಿನ ಬಣ್ಣ ಕೆಂಪಿಗೆ ತಿರುಗುತ್ತದೆ, ಆಮೇಲೆ ಕಸಕಡ್ಡಿ, ಆಮೇಲೆ ನೊರೆ, ಕೊನೆಗೆ ಬೇರುಸಮೇತ ಮರ. ನೊರೆ ಹೊಳೆಯ ನಡುವೆ ಗೆರೆಯಾಗಿ ಹೊರಟರೆ ನೀರು ಏರುತ್ತಿದೆ, ದಂಡೆಗೆ ಬಂದು ಅಂಟಿದರೆ ಇಳಿಯುತ್ತಿದೆ ಎಂಬುದು ತಾತನ ಪಾಠ. ರಾತ್ರಿ ಕಣ್ಣಿಗೆ ಏನೂ ಕಾಣದಿದ್ದರೆ ಕಿವಿ. ಬಂಡೆ ಮುಳುಗಿದ ಜಾಗದಲ್ಲಿ ಹೊಳೆ ಬೇರೆ ಸದ್ದು ಮಾಡುತ್ತದೆ.

ಇನ್ನು ಆ ರಾತ್ರಿ.

1948, ನಾಗರ ಅಮಾಸಿಯ ಹಿಂದುಮುಂದಿನ ದಿನಗಳು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು, ಆದರೆ ನಿಜಾಮ ಒಕ್ಕೂಟಕ್ಕೆ ಸೇರಿರಲಿಲ್ಲ. ನಿಜಾಮನ ಪರ ನಿಂತ ಕಾಸಿಂ ರಜವಿಯ ಪಡೆಯವರು, ಅಂದರೆ ರಜಾಕಾರರು, ಆಚೆ ಹಳ್ಳಿಗಳಲ್ಲಿ ಸುಲಿಗೆಗೆ ಇಳಿದಿದ್ದರು. ಗಡಿಯುದ್ದಕ್ಕೂ ಜನ ಮನೆಮಾರು ಬಿಟ್ಟು ಇತ್ತ ಬರುತ್ತಿದ್ದರು. ಹಗಲು ದಾಟುವ ಮಂದಿಯ ಮೇಲೆ ಆಚೆ ದಂಡೆಯಲ್ಲಿ ಕಣ್ಣಿಟ್ಟಿದ್ದರು. ಹಾಗಾಗಿ ರಾತ್ರಿ ದಾಟಿಸಬೇಕು. ರಾತ್ರಿ ಹರಿಗೋಲು ಹಾಕುವುದಿಲ್ಲ ಎಂಬುದು ನಮ್ಮ ಮನೆತನದ ನೇಮ. ಹುಣ್ಣಿಮೆಯಲ್ಲೂ ಇಲ್ಲ, ಬೇಸಿಗೆಯಲ್ಲೂ ಇಲ್ಲ. ಆ ವರ್ಷ ಬೇಸಿಗೆಯಿಂದಲೇ ಆ ನೇಮ ಮುರಿದಿತ್ತು. ಆದರೆ ತುಂಬಿದ ಹೊಳೆಯಲ್ಲಿ, ಕತ್ತಲಲ್ಲಿ ಯಾರನ್ನೂ ದಾಟಿಸಿರಲಿಲ್ಲ.

ಆವತ್ತು ಸಂಜೆ ಕೊನೆಯ ಹರಿಗೋಲಿನಲ್ಲಿ ಆಚೆಯಿಂದ ಒಬ್ಬ ಹುಡುಗ ಬಂದ. ಕೈಯಲ್ಲೊಂದು ಖಾಲಿ ಚೀಲ, ಸಂತೆಗೆ ಹೊರಟವನ ಹಾಗೆ. ಎಲ್ಲರೂ ಇಳಿದು ಹೋದ ಮೇಲೆ ತಾತನ ಹತ್ತಿರ ನಿಂತು, "ಯಣ್ಣಾ, ನಮ್ಮ ಮನಿ ಮಂದಿ ಹೊಂಟು ಬಂದಾರ. ಕತ್ತಲಾದ ಮ್ಯಾಲೆ ಘಟ್ಟದ ಮ್ಯಾಗಲ ಬಂಡೆ ಹತ್ರ ಇರ್ತಾರ. ಎತ್ತು ಎರಡದಾವ" ಅಂದ.

"ಮಂದಿಗೆ ನೋಡಾನು. ಎತ್ತು ಬ್ಯಾಡ" ಅಂದ ತಾತ.

"ಎತ್ತು ಬಿಟ್ಟು ನಮ್ಮಪ್ಪ ಬರಂಗಿಲ್ಲ ಯಣ್ಣಾ" ಅಂದು ಹುಡುಗ ಅಲ್ಲೇ ಅತ್ತುಬಿಟ್ಟ.

ಕಂಬ ನೋಡಲು ತಾತ ಮತ್ತೆ ಹೋದ. ನೀರು ಬೆಳಗಿಗಿಂತ ಏರಿತ್ತು, ಆದರೆ ನೊರೆ ದಂಡೆಗೆ ಬರತೊಡಗಿತ್ತು. ಅವನ ಅಣ್ಣ, ಅಂದರೆ ನಮ್ಮ ದೊಡ್ಡತಾತ, ಬೇಡವೇ ಬೇಡ ಎಂದು ಜಗಳಕ್ಕೆ ನಿಂತ. ಹರಿಗೋಲು ಒಡೆದರೆ ಚರ್ಮಕ್ಕೆ ಯಾರು ದುಡ್ಡು ಕೊಡುತ್ತಾರೆ, ಘಟ್ಟದ ಗುತ್ತಿಗೆ ಹಿಡಿದವನಿಗೆ ಯಾರು ಉತ್ತರ ಹೇಳುತ್ತಾರೆ ಎಂದು. ಹೀಗೆ ಬೈದವನೇ ಕತ್ತಲಾಗುವ ಹೊತ್ತಿಗೆ ಹುಟ್ಟು ಹಿಡಿದು ಮೊದಲು ಬಂದು ನಿಂತ. ತಾತ ಇದನ್ನು ಹೇಳುವಾಗ ಪ್ರತಿ ಸಲ ಅಣ್ಣನ ಹೆಸರು ತೆಗೆದು ಕೈಮುಗಿಯುತ್ತಿದ್ದ.

ಖಾಲಿ ಹರಿಗೋಲು ಆಚೆಗೆ ಹೋದದ್ದು ಕಷ್ಟವೇನಲ್ಲ. ಹೊಳೆಯಲ್ಲಿ ನೇರ ದಾಟುವುದೆಂಬುದಿಲ್ಲ. ಹರಿಗೋಲನ್ನು ಬೆನ್ನ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆಯಬೇಕು. ಎಷ್ಟು ಸೆಳವಿದೆಯೋ ಅಷ್ಟು ದೂರ. ಅಲ್ಲಿಂದ ಬಿಟ್ಟರೆ ಹೊಳೆಯೇ ಓರೆಯಾಗಿ ತಂದು ಬೇಕಾದ ಜಾಗಕ್ಕೆ ಹಾಕುತ್ತದೆ. ಆಚೆ ಬಂಡೆಯ ಮರೆಯಲ್ಲಿ ಆರು ಜನ ಇದ್ದರು. ಗಂಡ, ಹೆಂಡತಿ, ಮೂವರು ಮಕ್ಕಳು, ಒಬ್ಬ ಮುದುಕಿ. ಎತ್ತುಗಳ ಕೊರಳ ಗೆಜ್ಜೆ ಬಿಚ್ಚಿ ಮುದುಕಿ ತನ್ನ ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು, ಸದ್ದು ಬರಬಾರದೆಂದು.

ಎತ್ತು ದಾಟಿಸುವುದು ಬೇರೆಯದೇ ವಿದ್ಯೆ. ನಮಗೆ ತಾತ ಇದನ್ನು ಕೈಯಿಂದ ಮಾಡಿ ತೋರಿಸುತ್ತಿದ್ದ. ಮನೆಯ ಗೂಟಕ್ಕೆ ಕಟ್ಟಿದ ಹೋರಿಯ ಹತ್ತಿರ ಹೋಗಿ, ಇಲ್ಲಿ ಹಿಡೀಬೇಕು, ಹಿಂಗೆ ಹಿಡೀಬೇಕು ಎಂದು. ಮೊದಲು ಮೂಗುದಾರ ಸಡಿಲ ಮಾಡಬೇಕು. ನೀರಲ್ಲಿ ಮೂಗು ಎಳೆದರೆ ಎತ್ತು ತಲೆ ಮೇಲೆತ್ತಿ ಹಿಂಗಾಲು ಇಳಿಬಿಡುತ್ತದೆ, ಆಮೇಲೆ ಅದು ಈಜುವುದಿಲ್ಲ. ಹಗ್ಗವನ್ನು ಕೊಂಬಿನ ಬುಡಕ್ಕೆ ಸುತ್ತಿ ಒಬ್ಬ ಕೈಯಲ್ಲಿ ಹಿಡಿದಿರಬೇಕು, ಹರಿಗೋಲಿಗೆ ಎಂದೂ ಕಟ್ಟಬಾರದು. ಎತ್ತು ಹರಿವಿನ ಕೆಳಮಗ್ಗುಲಿಗಿರಬೇಕು. ಮೇಲುಮಗ್ಗುಲಿಗಿದ್ದರೆ ನೀರು ಅದನ್ನು ತಂದು ಹರಿಗೋಲಿಗೆ ಒತ್ತುತ್ತದೆ, ಕೊಂಬು ತಾಗಿದರೆ ಚರ್ಮ ಹರಿಯುತ್ತದೆ. ಗದ್ದದ ಕೆಳಗೆ ಅಂಗೈ ಕೊಟ್ಟು ಮೂತಿ ಮೇಲಿರುವಂತೆ ನೋಡಿಕೊಳ್ಳಬೇಕು. ಕಿವಿಗೆ ನೀರು ಹೋಗಗೊಡಬಾರದು. ಹೋದರೆ ಅದು ಬದುಕುವ ಆಸೆ ಬಿಡುತ್ತದೆ ಎನ್ನುತ್ತಿದ್ದ. ಎಲ್ಲಕ್ಕಿಂತ ಮುಖ್ಯ, ಯಜಮಾನ ಅದರ ಕೂಡ ಮಾತಾಡುತ್ತಿರಬೇಕು. ಗುರುತಿನ ದನಿ ಕೇಳುತ್ತಿದ್ದರೆ ಎತ್ತು ದಿಕ್ಕು ತಪ್ಪುವುದಿಲ್ಲ.

ಆ ರಾತ್ರಿ ಮಾತಾಡುವ ಹಾಗಿರಲಿಲ್ಲ. ದಂಡೆಯ ಮೇಲೆ ದೂರದಲ್ಲಿ ಒಂದು ಲಾಟೀನು ಅತ್ತಿತ್ತ ಓಡಾಡುತ್ತಿತ್ತು.

ಹೊರಟರು. ನಡುವಿಗೆ ಮುದುಕಿ, ಮಕ್ಕಳು. ಒಂದು ಕಡೆ ದೊಡ್ಡತಾತ, ಇನ್ನೊಂದು ಕಡೆ ತಾತ. ಕೆಳಮಗ್ಗುಲಿಗೆ ಗಂಡಹೆಂಡತಿ ಒಂದೊಂದು ಎತ್ತಿನ ಕೊಂಬು ಹಿಡಿದು. ಕಾಲು ನೆಲ ಬಿಟ್ಟ ಕೂಡಲೇ ಎರಡೂ ಎತ್ತು ಬುಸುಗುಟ್ಟಿದವು, ಆಮೇಲೆ ಸುಮ್ಮನೆ ಈಜತೊಡಗಿದವು. ಮೂರನೇ ಒಂದು ಭಾಗ ಚೆನ್ನಾಗಿಯೇ ಬಂದರು. ನಡುಹೊಳೆಯಲ್ಲಿ ಸೆಳವು ಸಿಕ್ಕಿತು. ಹರಿಗೋಲು ಒಂದು ಸುತ್ತು ಸುತ್ತಿತು, ಅಷ್ಟರಲ್ಲಿ ಕೆಳಗಿದ್ದ ಎತ್ತುಗಳು ಮೇಲುಮಗ್ಗುಲಿಗೆ ಬಂದವು. ತಾತನಿಗೆ ಬೇಡವಾಗಿದ್ದದ್ದು ಇದೇ. ಎಡದ ಎತ್ತು ಹರಿಗೋಲಿಗೆ ಒತ್ತಿಕೊಂಡಿತು, ಕೊಂಬು ಅಂಚಿಗೆ ಸಿಕ್ಕಿತು, ಚರ್ಮ ಪರ್ರನೆ ಹರಿದ ಸದ್ದು ಹೊಳೆಯ ಸದ್ದಿನಲ್ಲೂ ಕೇಳಿತು. ಮುದುಕಿ ಯಾರೂ ಹೇಳದೆ ತಂಬಿಗೆ ತೆಗೆದು ನೀರು ಮೊಗೆದು ಹೊರಕ್ಕೆ ಚೆಲ್ಲತೊಡಗಿದಳು. ಬಾಯಲ್ಲಿ "ಹುಲಿಗೆಮ್ಮಾ ತಾಯಿ, ಹುಲಿಗೆಮ್ಮಾ ತಾಯಿ" ಅಷ್ಟೇ.

"ಹಗ್ಗ ಬಿಡು" ಅಂದ ತಾತ.

ಆ ಮನುಷ್ಯ ಬಿಡಲಿಲ್ಲ.

"ಬಿಡ್ಲೇ! ಎತ್ತು ತನ್ನ ದಾರಿ ನೋಡಿಕಂತತಿ, ಮಕ್ಕಳು ನೋಡಿಕಳಂಗಿಲ್ಲ!"

ಆಗ ಬಿಟ್ಟ. ತಾತ ಹುಟ್ಟಿನಿಂದ ಎತ್ತಿನ ಭುಜ ತಳ್ಳಿ ಹರಿಗೋಲು ಬಿಡಿಸಿಕೊಂಡ. ಎತ್ತು ಕತ್ತಲಲ್ಲಿ ಎಲ್ಲಿ ಹೋಯಿತೋ ಕಾಣಲಿಲ್ಲ. ಹೆಂಡತಿ ಹಿಡಿದಿದ್ದ ಬಲದ ಎತ್ತು ಮಾತ್ರ ಮೂತಿ ಮೇಲೆತ್ತಿಕೊಂಡು ಪಕ್ಕದಲ್ಲೇ ಬರುತ್ತಿತ್ತು. ಆ ಹೆಣ್ಣುಮಗಳು ಅದರ ಕಿವಿಗೆ ಬಾಯಿ ಹಚ್ಚಿ ಏನೋ ಪಿಸುಗುಡುತ್ತಿದ್ದಳು. ಲಾಟೀನಿನವರಿಗೆ ಕೇಳದ ಹಾಗೆ ಮಾತಾಡುವ ಉಪಾಯ ಅವಳಿಗೆ ಹೊಳೆದಿತ್ತು.

ಘಟ್ಟ ತಪ್ಪಿತು. ಕೆಳಗೆ ನವಬೃಂದಾವನದ ನಡುಗಡ್ಡೆ. ವ್ಯಾಸರಾಯರು ಸೇರಿ ಒಂಬತ್ತು ಯತಿಗಳ ಬೃಂದಾವನಗಳಿರುವ ಜಾಗ. ಬೇಸಿಗೆಯಲ್ಲಿ ಅಲ್ಲಿಗೆ ಹೋಗುವುದು ಪುಣ್ಯ, ಹೊಳೆ ಬಂದಾಗ ಅದರ ತಲೆಗೆ ಹೋಗಿ ಬಡಿದರೆ ಪ್ರಾಣ ಹೋಗುತ್ತದೆ, ಯಾಕೆಂದರೆ ನೀರು ಅಲ್ಲಿ ಬಂಡೆಗೆ ಸೀಳಿ ಎರಡಾಗುತ್ತದೆ. ಬಲಕ್ಕಿನ ಸೀಳು ಹಿಡಿಯಬೇಕು, ಅದು ನಮ್ಮ ದಂಡೆಗೆ ಹತ್ತಿರ. ಕಾಣುವುದಿಲ್ಲ. ಅಣ್ಣ ತಮ್ಮ ಇಬ್ಬರೂ ಹುಟ್ಟು ಎತ್ತಿ ಸುಮ್ಮನೆ ಕಿವಿಗೊಟ್ಟರಂತೆ. ತಾತ ಇಲ್ಲಿಗೆ ಬಂದಾಗ ನಿಜವಾಗಿಯೂ ಮಾತು ನಿಲ್ಲಿಸುತ್ತಿದ್ದ, ನಾವೂ ಉಸಿರು ಹಿಡಿಯುತ್ತಿದ್ದೆವು. ಎಡಕ್ಕೆ ಬಂಡೆಯ ಮೊರೆತ, ಬಲಕ್ಕೆ ಮರದ ಟೊಂಗೆ ನೀರಲ್ಲಿ ಬಡಿಯುವ ಸದ್ದು. ಟೊಂಗೆಯ ಸದ್ದಿನ ಕಡೆ ಹುಟ್ಟು ಹಾಕಿದರು. ಮುಳ್ಳಿನ ಗಿಡವೊಂದು ತಾತನ ಮುಖ ಗೀರಿತು. ಅದನ್ನೇ ಹಿಡಿದುಕೊಂಡ. ಹುಬ್ಬಿನ ಮೇಲೆ ಆ ಗಾಯದ ಗುರುತು ಅವನು ಸಾಯುವ ತನಕ ಇತ್ತು, ನಾವು ಮುಟ್ಟಿ ನೋಡಿದ್ದೇವೆ.

ಬೆಳಕು ಹರಿದಾಗ ಅವರು ವೆಂಕಟಾಪುರದ ಕಡೆಯ ಕೆಸರಿನಲ್ಲಿದ್ದರು. ಹರಿಗೋಲಿನ ಚರ್ಮ ಮೊಳದುದ್ದ ಹರಿದಿತ್ತು. ಕಳೆದುಹೋದ ಎತ್ತು ಇನ್ನೂ ಕೆಳಗೆ, ಬುಕ್ಕಸಾಗರದ ಹತ್ತಿರ ಒಬ್ಬರ ಕಬ್ಬಿನ ಗದ್ದೆಯಲ್ಲಿ ನಿಂತು ಮೇಯುತ್ತಿತ್ತು. ಗದ್ದೆಯವರು ಬಡಿಗೆ ಹಿಡಿದು ಬಂದವರು, ವಿಷಯ ಕೇಳಿ ಎತ್ತಿಗೆ ಇನ್ನೂ ನಾಲ್ಕು ಜಲ್ಲೆ ಮುರಿದು ಹಾಕಿದರಂತೆ.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿತು, 17ಕ್ಕೆ ನಿಜಾಮ ಶರಣಾದ. ಹೋದವರು ಮರಳಿದರು. ಆಗ ಹೆದರಿಕೆ ಬೇರೆಯವರ ಪಾಲಾಯಿತು. ರಜಾಕಾರರು ಮಾಡಿದ್ದಕ್ಕೆ ಏನೂ ಮಾಡದ ಬಡ ಮುಸಲ್ಮಾನರು ತಲೆ ಮರೆಸಿಕೊಳ್ಳಬೇಕಾಯಿತು. ಅತ್ತರು ಮಾರುವ ಒಬ್ಬ ಮುದುಕನನ್ನೂ ಅವನ ಮಗಳನ್ನೂ ತಾತ ಅದೇ ಹರಿಗೋಲಿನಲ್ಲಿ, ಅದೇ ರೀತಿ ರಾತ್ರಿ ಹೊತ್ತು ದಾಟಿಸಿದ. ಇದನ್ನು ಅವನು ಕಥೆ ಮಾಡಿ ಹೇಳುತ್ತಿರಲಿಲ್ಲ. ಕೇಳಿದರೆ, "ಅವರೂ ಹೆದರಿದ ಮಂದೀನೇ ಅಲ್ಲೇನು" ಅಂದು ಬೆಂಕಿ ಕೆದಕುತ್ತಿದ್ದ.

ಮೇಲೆ ಮಲ್ಲಾಪುರದ ಹತ್ತಿರ ಆಗಲೇ ಅಣೆಕಟ್ಟಿನ ಕೆಲಸ ನಡೆದಿತ್ತು. 1945ರ ಫೆಬ್ರವರಿ 28ರಂದು ಮದರಾಸು ಮತ್ತು ಹೈದರಾಬಾದ್ ಎರಡೂ ಕಡೆಯವರು ಸೇರಿ ಅಡಿಗಲ್ಲು ಹಾಕಿದ್ದರು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅಣ್ಣತಮ್ಮ ಇಬ್ಬರೂ ಅಲ್ಲಿಗೆ ಕೂಲಿಗೆ ಹೋಗಿದ್ದರು. ಸುಟ್ಟ ಮಣ್ಣಿನ ಪುಡಿಗೆ ಸುಣ್ಣ ಕೂಡಿಸಿ ಅರೆದ ಸುರ್ಕಿ ಗಾರೆಯಿಂದ ಆ ಕಲ್ಲಿನ ಅಣೆ ಎದ್ದಿತು. ಸುರ್ಕಿ ಅರೆಯುವವರು, ಹೊರುವವರು ಎಂಬ ಸಾವಿರಾರು ಜನರ ಆ ಕೆಲಸವೂ ಈಗಿಲ್ಲ. ಹೊಳೆ ನಂಬಿ ಬದುಕಿದ ಅಂಬಿಗರೇ ಹೊಳೆ ಕಟ್ಟುವ ಗಾರೆ ಹೊತ್ತರು. 1953ರಲ್ಲಿ ನೀರು ನಿಂತಿತು. ಅಲ್ಲಿಂದ ಮುಂದೆ ಮಲೆನಾಡಿನ ಮಳೆ, ಕೆಂಪು ನೀರು, ನೊರೆಯ ಗೆರೆ ನೋಡಿ ಹೊಳೆ ಓದುವುದು ಅರ್ಧಕ್ಕರ್ಧ ಸುಳ್ಳಾಯಿತು. 33 ಗೇಟುಗಳಲ್ಲಿ ಎಷ್ಟು ತೆಗೆದಿದ್ದಾರೆ ಎಂಬುದನ್ನು ಹೊಸಪೇಟೆಯಿಂದ ಬಂದವರನ್ನು ಕೇಳಿ ತಿಳಿಯಬೇಕಾಯಿತು. ತಾತನಿಗೆ ಅದು ದೊಡ್ಡ ನೋವು. ತಾನು ಬಲ್ಲದ್ದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಯಿತಲ್ಲ ಎಂದು. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ಕಡಿದು ಹೊಳೆ ರಾತ್ರೋರಾತ್ರಿ ಹರಿದು ಬಂದಾಗ, ಕೆಳಗಿನ ಊರಿನವರೆಲ್ಲ ಮೊಬೈಲ್ ನೋಡುತ್ತ ಕೂತಿದ್ದರು. ಕಂಬ ನೋಡಲು ಹೋಗುವ ಒಬ್ಬನೂ ಇರಲಿಲ್ಲ.

ಆದರೂ ಘಟ್ಟ ನಡೆಯಿತು. ಎರಡು ರಾಜ್ಯದ ಗಡಿ 1956ರ ನವೆಂಬರ್ 1ಕ್ಕೆ ಹೋಯಿತು, ದಾಟುವ ಜನ ಹೆಚ್ಚೇ ಆದರು. ನಾನು ಕಂಡಂತೆ ಸೈಕಲ್ಲು, ಆಮೇಲೆ ಮೋಟರ್‌ಸೈಕಲ್ಲು, ಹಾಲಿನ ಕ್ಯಾನು, ಪರೀಕ್ಷೆಗೆ ಹೊರಟ ಹುಡುಗಿಯರು, ಎಲ್ಲ ಹರಿಗೋಲಿನಲ್ಲೇ. ಸೇತುವೆ ಬೇಕು ಎಂದು ಎರಡೂ ದಂಡೆಯವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಹೆರಿಗೆ ನೋವಿನ ಹೆಂಗಸನ್ನು ಹರಿಗೋಲಿಗೆ ಹತ್ತಿಸುವುದನ್ನು ಕಂಡ ಯಾರೂ ಸೇತುವೆ ಬೇಡ ಅನ್ನಲಾರರು. ಸೇತುವೆ ಶುರುವಾಯಿತು, 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಿಂತಿತು, ಮತ್ತೆ ಶುರುವಾಯಿತು. 2009ರ ಜನವರಿ 22ಕ್ಕೆ ಮುಗಿಯುವ ಮೊದಲೇ ಕುಸಿದು ಕೂಲಿಯವರು ಸತ್ತರು. ತುಂಡಾದ ಕಂಬಗಳನ್ನು ನೋಡಿ ನಮ್ಮ ಅಪ್ಪ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಕೆಳಗೆ ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಸೇತುವೆ ಆಯಿತು. ತಳವಾರಘಟ್ಟದಲ್ಲಿ ದಾಟಲೇಬೇಕಾದ ಅಗತ್ಯ ಯಾರಿಗೂ ಉಳಿಯಲಿಲ್ಲ.

ಆ ರಾತ್ರಿ ದಾಟಿ ಬಂದ ಮನುಷ್ಯ ಕೆಸರಿನಲ್ಲಿ ನಿಂತು ಹೆಂಡತಿಯ ಬೆಳ್ಳಿಯ ಡಾಬು ಬಿಚ್ಚಿಸಿ ತಾತನ ಮುಂದಿಟ್ಟಿದ್ದ. ತಾತ ತೆಗೆದುಕೊಳ್ಳಲಿಲ್ಲ. ದಾಟುವ ಊರವರಿಂದ ಅಂಬಿಗನಿಗೆ ಸುಗ್ಗಿಗೆ ಕಣದಲ್ಲಿ ಸಲ್ಲುವ ಭತ್ತ ಒಂದಿತ್ತು, ದುಡ್ಡಿನ ಲೆಕ್ಕವಲ್ಲ, ವರ್ಷದ ಲೆಕ್ಕ. "ನೀನೂ ಅದನ್ನೇ ಕೊಡು, ಊರಿಗೆ ಹೋದ ಮ್ಯಾಲೆ" ಅಂದನಂತೆ. ಮರುವರ್ಷದ ಸುಗ್ಗಿಗೆ ಆ ಎರಡು ಎತ್ತು ಹೂಡಿದ ಗಾಡಿ ಆಚೆ ದಂಡೆಗೆ ಬಂದು ನಿಂತಿತು. ಭತ್ತದ ಚೀಲ ಹರಿಗೋಲಿನಲ್ಲಿ ಈಚೆಗೆ ಬಂತು. ಅವನು ಹೋದ ಮೇಲೆ ಅವನ ಮಗ, ಅಂದರೆ ಖಾಲಿ ಚೀಲ ಹಿಡಿದು ಬಂದಿದ್ದ ಆ ಹುಡುಗ, ತರುತ್ತಿದ್ದ. ತಾತ ಸತ್ತ ವರ್ಷವೂ ತಂದು ನಮ್ಮ ಅಪ್ಪನಿಗೆ ಕೊಟ್ಟ. ಆಮೇಲೆ ಅವರ ಮಕ್ಕಳು ಗದ್ದೆ ಮಾರಿ ಗಂಗಾವತಿಯಲ್ಲಿ ಮನೆ ಮಾಡಿದರು. ಭತ್ತ ಬರುವುದು ಅಲ್ಲಿಗೆ ನಿಂತಿತು. ಮದುವೆ ಕಾರ್ಯಕ್ಕೆ ಮಾತ್ರ ಈಗಲೂ ಕರೆ ಬರುತ್ತದೆ, ನಾವು ಹೋಗುತ್ತೇವೆ, ಬುಕ್ಕಸಾಗರದ ಸೇತುವೆಯ ಮೇಲೆ.